ನೀರು ನಡೆಯುವ ಕಾಡು: ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಿ

ಜೋಗದ ಕಡೆಯಿಂದ ಮಾವಿನಗುಂಡಿ ದಾಟಿ ಹೊನ್ನಾವರಕ್ಕೆ ಇಳಿಯುವ ರಾಷ್ಟ್ರೀಯ ಹೆದ್ದಾರಿ 69ರಲ್ಲಿ, ಮಾಲೇಮನೆ ಘಾಟಿಯ ಸೆರಗಿನಲ್ಲಿ, ಕಾಡು ರಸ್ತೆಯ ಮೇಲೇ ಬಗ್ಗಿ ನಿಲ್ಲುವ ಜಾಗವೊಂದಿದೆ. ಮೋಡ ಕವಿದ ದಿನ ಹಗಲು ಹನ್ನೊಂದು ಗಂಟೆಗೂ ವಾಹನಗಳು ದೀಪ ಹಾಕಿಕೊಂಡೇ ಬರುತ್ತವೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಇದೇ. ಜೋಗ ನೋಡಿ ಸಮುದ್ರದ ಕಡೆ ಓಡುವ ಆತುರದಲ್ಲಿ ಬಹಳ ಮಂದಿ ಇದನ್ನು ಕಾಣದೆಯೇ ದಾಟಿಬಿಡುತ್ತಾರೆ. ರಸ್ತೆಯ ಮೋರಿಯೊಂದರ ಪಕ್ಕದಿಂದ ಇಳಿದು ನೂರಿನ್ನೂರು ಹೆಜ್ಜೆ ಹಾಕಿದರೆ ಲಾರಿಗಳ ಸದ್ದು ಹಿಂದೆ ಸರಿಯುತ್ತದೆ, ನೆಲ ಮೆತ್ತಗಾಗುತ್ತದೆ, ಮರಗಳ ಬುಡದ ಸಂದಿಯಿಂದಲೇ ನೀರು ಹರಿಯತೊಡಗುತ್ತದೆ. ಈ ಹಳ್ಳಕ್ಕೆ ದಡ ಎನ್ನುವುದೇ ಇಲ್ಲ. ಕಾಡೇ ಹಳ್ಳದೊಳಗೆ ಇಳಿದು ನಿಂತಿದೆ.

ಇಲ್ಲಿನವರು ಇದನ್ನು ರಾಮಪತ್ರೆ ಜಡ್ಡಿ ಎನ್ನುತ್ತಾರೆ. ಸಸ್ಯವಿಜ್ಞಾನಿಗಳ ಪಟ್ಟಿಯಲ್ಲಿ ಇದು ಮಿರಿಸ್ಟಿಕಾ ಜೌಗುಕಾಡು, ಅಂದರೆ ಜಾಯಿಕಾಯಿ ಕುಲದ ಮರಗಳು ಸಿಹಿನೀರಿನಲ್ಲಿ ಕಾಲಿಟ್ಟು ಬೆಳೆಯುವ ಕಾಡು. ಭಾರತದಲ್ಲಿ ಇಂಥ ಕಾಡನ್ನು ಮೊದಲು ವಿವರವಾಗಿ ದಾಖಲಿಸಿದ್ದು 1960ರಲ್ಲಿ, ಹಳೆಯ ತಿರುವಾಂಕೂರಿನ ಕಣಿವೆಗಳಿಂದ. ನಮ್ಮ ಉತ್ತರ ಕನ್ನಡದ ಜಡ್ಡಿಗಳು ವಿಜ್ಞಾನದ ಕಣ್ಣಿಗೆ ಸರಿಯಾಗಿ ಬಿದ್ದದ್ದು 1999ರಲ್ಲಿ, ಕುಮಟಾದ ಸಸ್ಯವಿಜ್ಞಾನಿ ಎಂ.ಡಿ. ಸುಭಾಷ್ ಚಂದ್ರನ್ ಮತ್ತು ಅವರ ಸಂಗಡಿಗರ ಬರಹದ ಮೂಲಕ. ಊರಿನವರಿಗೆ ಅದಕ್ಕೂ ಮೊದಲೇ ಗೊತ್ತಿತ್ತು. ಆದರೆ ಊರಿನವರಿಗೆ ಗೊತ್ತಿರುವ ಕಾಡು ಉಳಿಯಬೇಕಾದರೆ ಎಷ್ಟೋ ಸಲ ಕಾಗದದ ಮೇಲೂ ಅದಕ್ಕೊಂದು ಹೆಸರು ಬೇಕಾಗುತ್ತದೆ.

ಮಳೆಗಾಲ ಹಿಂದೆ ಸರಿದ ಹೊತ್ತು. ಅನುಮತಿ ಇಲ್ಲದೆ ಒಳಗೆ ಕಾಲಿಡುವಂತಿಲ್ಲವಾದ್ದರಿಂದ ಜೊತೆಗೆ ಅರಣ್ಯ ಇಲಾಖೆಯ ವಾಚರ್ ಒಬ್ಬರಿದ್ದರು. ಸೊಂಟಕ್ಕೆ ಕತ್ತಿ, ಬರಿಗಾಲು. ಉಂಬಳ ಹತ್ತದಿರಲೆಂದು ಸುಣ್ಣ, ಹೊಗೆಸೊಪ್ಪು ಉಜ್ಜಿದ ಬಟ್ಟೆಯನ್ನು ಕಣಕಾಲಿಗೆ ಕಟ್ಟಿಸಿದರು. ನೀರಿಗಿಳಿಯುವ ಮುನ್ನ ಹೇಳಿದ್ದು ಒಂದೇ ಮಾತು: “ಎಲ್ಲಿ ಬೇಕಾದ್ರೂ ಕಾಲಿಡಿ, ಮೇಲೆದ್ದ ಬೇರಿನ ಮೇಲೆ ಮಾತ್ರ ತುಳೀಬೇಡಿ. ಅದರ ಉಸಿರು ಅಲ್ಲೇ ಇರೂದು.”

ಮೇಲೆದ್ದ ಬೇರುಗಳು ಎಲ್ಲೆಲ್ಲೂ ಇದ್ದವು. ಕೆಸರಿನಿಂದ ಗೇಣೆತ್ತರ, ಕೆಲವು ಕಡೆ ಮೊಣಕಾಲೆತ್ತರ ಏಳುತ್ತವೆ, ಬಾಗುತ್ತವೆ, ಮತ್ತೆ ಕೆಸರಿಗಿಳಿಯುತ್ತವೆ. ಸ್ವಲ್ಪ ದೂರ ಹೋಗಿ ಇನ್ನೊಮ್ಮೆ ಏಳುತ್ತವೆ. ಕೌದಿಯ ಮೇಲೆ ದಪ್ಪ ದಾರದ ಹೊಲಿಗೆ ಎದ್ದು ಮುಳುಗಿ ಸಾಗಿದ ಹಾಗೆ ಒಂದೇ ಬೇರು ಹತ್ತಾರು ಅಡಿ ಓಡಿದ್ದನ್ನು ಕಣ್ಣಿನಲ್ಲೇ ಹಿಂಬಾಲಿಸಬಹುದು. ಜಿಮ್ನಾಕ್ರಾಂಥೆರಾ ಕನಾರಿಕಾ ಎಂಬ ಮರದ ಮಂಡಿಬೇರುಗಳಿವು. ಕುಕ್ಕರಗಾಲಿನಲ್ಲಿ ಕೂತು ಒಂದನ್ನು ಹತ್ತಿರದಿಂದ ನೋಡಿದೆ. ಬಾಗಿದ ನೆತ್ತಿಯ ಮೇಲೆ ಸಿಪ್ಪೆ ಒರಟಾಗಿತ್ತು. ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆಗಳು, ಒಂದೊಂದರ ನಡುವೆ ಸೀಳು. ಬೆರಳಾಡಿಸಿದರೆ ತರಿತರಿ. ನೀರಿನ ಮಟ್ಟಕ್ಕಿಂತ ಕೆಳಗಿನ ಭಾಗ ಮಾತ್ರ ನುಣುಪು. ಆ ಸೀಳುಗಳೇ ಉಸಿರುರಂಧ್ರಗಳು. ಗಾಳಿ ಅಲ್ಲಿಂದ ಒಳಹೊಕ್ಕು, ಬೇರಿನೊಳಗಿನ ಪೊಳ್ಳು ಅಂಗಾಂಶದ ದಾರಿ ಹಿಡಿದು, ಕೆಸರಿನಲ್ಲಿ ಹೂತ ಭಾಗವನ್ನು ತಲುಪುತ್ತದೆ. ವಾಚರ್ ಮಾತಿನಲ್ಲಿ ಒಂದಕ್ಷರವೂ ಹೆಚ್ಚುಕಡಿಮೆ ಇರಲಿಲ್ಲ.

ನಾನು ಬಂದಿರುವುದು ಬೀದರ್ ಜಿಲ್ಲೆಯ ರಾಜೇಶ್ವರದಿಂದ. ಹುಮನಾಬಾದಿಗೂ ಬಸವಕಲ್ಯಾಣಕ್ಕೂ ನಡುವಿನ, ಪುಣೆ–ಹೈದರಾಬಾದ್ ಹೆದ್ದಾರಿಯ ಊರು. ವರ್ಷಕ್ಕೆ ಸುಮಾರು 800ರಿಂದ 900 ಮಿ.ಮೀ. ಮಳೆ, ಹೊಲದಲ್ಲಿ ತೊಗರಿ, ಸೋಯಾ, ಉದ್ದು, ಜೋಳ. ನಮ್ಮ ಕಡೆ ಮಳೆ ಬಾರದಿದ್ದರೆ ಬರ, ಅತಿಯಾಗಿ ಬಂದರೆ ಹಸಿ ಬರ. ಭಾದ್ರಪದದಲ್ಲಿ ನಾಲ್ಕು ದಿನ ಬಿಡದೆ ಹೊಡೆದರೆ ಎರೆಹೊಲದಲ್ಲಿ ನೀರು ನಿಲ್ಲುತ್ತದೆ. ಹೂವಿಗೆ ಬರಬೇಕಾದ ತೊಗರಿ ಮೊದಲು ಹಳದಿಗೆ ತಿರುಗುತ್ತದೆ, ಆಮೇಲೆ ತಲೆ ಜೋಲಿಸುತ್ತದೆ. ಸುತ್ತ ನೀರಿದ್ದರೂ ಗಿಡ ಬಾಯಾರಿದಂತೆ ಬಾಡುವುದನ್ನು ನಮ್ಮ ರೈತರು ಎಷ್ಟೋ ವರ್ಷ ನೋಡಿದ್ದಾರೆ. ಕಿತ್ತು ನೋಡಿದರೆ ಬೇರು ಕಂದಿ, ಕೊಳೆತ ವಾಸನೆ. ಆ ಹೊಲಗಳನ್ನು ಕಂಡ ಕಣ್ಣಿಗೆ, ಮೂರು ಸಾವಿರ ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಕಣಿವೆಯ ತಳದಲ್ಲಿ, ವರ್ಷವಿಡೀ ನೀರಲ್ಲೇ ನಿಂತು ನೂರಡಿಗೆ ಹತ್ತಿರದ ಎತ್ತರಕ್ಕೆ ಬೆಳೆದ ಮರಗಳು ಮೊದಲಿಗೆ ನಂಬಿಕೆಗೆ ಸಿಗುವುದಿಲ್ಲ.

ಎರಡೂ ಕಡೆ ನಡೆಯುವುದು ಒಂದೇ ಲೆಕ್ಕ. ಬೇರಿಗೂ ಉಸಿರಾಟ ಬೇಕು. ಒಣ ಮಣ್ಣಿನ ಕಣಗಳ ನಡುವೆ ಗಾಳಿ ತುಂಬಿರುತ್ತದೆ. ನೀರು ನುಗ್ಗಿದಾಗ ಆ ಗಾಳಿ ಹೊರಬೀಳುತ್ತದೆ. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಹಾಗಾಗಿ ಮಣ್ಣಿನಲ್ಲಿ ಅಳಿದುಳಿದ ಆಮ್ಲಜನಕವನ್ನು ಬೇರುಗಳೂ ಸೂಕ್ಷ್ಮಜೀವಿಗಳೂ ಒಂದೆರಡು ದಿನದಲ್ಲೇ ಮುಗಿಸಿಬಿಡುತ್ತವೆ. ಅಲ್ಲಿಂದ ಮುಂದೆ ಆಮ್ಲಜನಕ ಬೇಡದ ಸೂಕ್ಷ್ಮಜೀವಿಗಳ ಕಾರಬಾರು. ಮಣ್ಣಿನ ಕಬ್ಬಿಣ, ಮ್ಯಾಂಗನೀಸ್ ಕರಗಿ ಬೇರಿಗೆ ವಿಷವಾಗುವ ಮಟ್ಟಕ್ಕೆ ಏರುತ್ತವೆ, ಕೊಳೆತ ಮೊಟ್ಟೆಯ ವಾಸನೆಯ ಗಂಧಕದ ಅನಿಲ ಹುಟ್ಟುತ್ತದೆ. ತೊಗರಿಗೆ ಇದನ್ನು ತಾಳಿಕೊಳ್ಳುವ ಏರ್ಪಾಡಿಲ್ಲ. ಅದರ ಬೇರುಗಂಟಿನಲ್ಲಿ ಸಾರಜನಕ ಕೂಡಿಡುವ ಬ್ಯಾಕ್ಟೀರಿಯಾಗಳೂ ಕೆಲಸ ನಿಲ್ಲಿಸುತ್ತವೆ. ರಾಮಪತ್ರೆಯ ಬಂಧುಗಳು ಬೇರನ್ನೇ ನೀರಿನಿಂದ ಮೇಲೆತ್ತಿ ಗಾಳಿಗೆ ಹಿಡಿಯುವುದನ್ನು ಕಲಿತಿವೆ.

ಎಲ್ಲವೂ ಒಂದೇ ರೀತಿ ಕಲಿತಿಲ್ಲ. ಹಳ್ಳದ ನಟ್ಟನಡುವೆ, ನೀರು ಹೆಚ್ಚು ಆಳವಿರುವ ಕಡೆ, ಮಿರಿಸ್ಟಿಕಾ ಮ್ಯಾಗ್ನಿಫಿಕಾ ನಿಂತಿದೆ. ಅದರ ಕಾಂಡದಿಂದ, ನನ್ನ ಎದೆಮಟ್ಟದಿಂದಲೂ ಮೇಲಿಂದ, ಬೇರುಗಳು ಹೊರಟು ಸುತ್ತಲೂ ಓರೆಯಾಗಿ ನೀರಿಗಿಳಿದಿವೆ. ಊರುಗೋಲು ಬೇರುಗಳು. ಸಡಿಲ ಕೆಸರಿನಲ್ಲಿ ಮರ ವಾಲದಂತೆ ಹಿಡಿಯುವುದೂ, ನೀರಿನ ಮೇಲಿನ ಭಾಗದಿಂದ ಉಸಿರೆಳೆಯುವುದೂ ಇವುಗಳದ್ದೇ ಕೆಲಸ. ಮಂಡಿಬೇರಿನ ಜಿಮ್ನಾಕ್ರಾಂಥೆರಾ ಸ್ವಲ್ಪ ಆಚೀಚೆ, ನೀರು ತೆಳುವಾಗಿ ಹರಡಿರುವಲ್ಲಿ. ಅಂಚಿಗೆ ಮುಂಡಿಗೆ ಪೊದೆ, ಬೆತ್ತದ ಬಳ್ಳಿ, ಕಾಡಡಿಕೆ. ಏರು ಶುರುವಾಗುತ್ತಿದ್ದ ಹಾಗೆ ಅದೇ ಕುಟುಂಬದ್ದೇ ಆದರೂ ನೀರಲ್ಲಿ ನಿಲ್ಲದ ರಕ್ತಮರ ಸಿಗುತ್ತದೆ. ಗಾಳಿಗೆ ಮುರಿದ ಅದರ ಕೊಂಬೆಯಿಂದ ಕೆಂಪು ರಸ ಜಿನುಗುತ್ತಿತ್ತು. ನೀರಿನ ಆಳ ಗೇಣು ಬದಲಾದರೆ ಮರದ ಜಾತಿಯೇ ಬದಲಾಗುತ್ತದೆ. ಅಳತೆಪಟ್ಟಿ ಇಲ್ಲದೆಯೂ ಮರ ನೋಡಿಯೇ ಇಲ್ಲಿ ನೀರಿನ ಚರಿತ್ರೆ ಓದಬಹುದು. ಈ ಕಾಡಿನ ಬಗ್ಗೆ ಒಂದೇ ಸಂಗತಿ ನೆನಪಿಡುವುದಾದರೆ ಇದನ್ನು ಇಡಿ ಎಂದು ನಾನು ಕೇಳಿಕೊಳ್ಳುತ್ತೇನೆ.

ಊರುಗೋಲು ಬೇರುಗಳ ಸಂದಿಯಲ್ಲಿ ಕಡ್ಡಿ, ತರಗೆಲೆ, ಬಿದಿರಿನ ಸಿಬರು ಸಿಕ್ಕಿಕೊಂಡು ಒಣಗಿದ್ದವು. ಆಷಾಢದ ನೆರೆ ಎಲ್ಲಿಯವರೆಗೆ ಏರಿತ್ತು ಎಂಬ ಗುರುತು ಅದು. ನನ್ನ ಸೊಂಟದ ಎತ್ತರ. “ಅಷ್ಟು ಏರ್ತದೆ, ಆದ್ರೆ ನಿಲ್ಲೂದಿಲ್ಲ. ಮಳೆ ಹೊಳವಾದ್ರೆ ಸಂಜೆಯೊಳಗೆ ಇಳೀತದೆ” ಎಂದರು ವಾಚರ್. ಜಡ್ಡಿಯ ಆರೋಗ್ಯದ ಗುಟ್ಟು ಈ ಮಾತಿನಲ್ಲಿದೆ. ನೆರೆ ಬರಬೇಕು. ಅದು ತರಗೆಲೆಯ ಗೊಬ್ಬರವನ್ನೂ ಹೊಸ ಮೆಕ್ಕಲನ್ನೂ ಹಂಚುತ್ತದೆ, ನೀರಲ್ಲಿ ಬಾಳದ ಗಿಡಗಳನ್ನು ಜಡ್ಡಿಯೊಳಗೆ ಬೇರೂರದಂತೆ ತಡೆಯುತ್ತದೆ. ಬಂದ ನೀರು ಇಳಿಯಲೂಬೇಕು, ಇಳಿದಮೇಲೂ ತೆಳ್ಳಗೆ ಹರಿಯುತ್ತಲೇ ಇರಬೇಕು. ಕಲ್ಲಿಗೆ, ಬೇರಿಗೆ ಬಡಿದು ಹರಿಯುವ ನೀರು ಗಾಳಿಯನ್ನು ಬೆರೆಸಿಕೊಂಡು ಬರುತ್ತದೆ. ನಿಂತ ನೀರಿಗೆ ಆ ಭಾಗ್ಯವಿಲ್ಲ. ಮಂಡಿಬೇರಿನ ನೆತ್ತಿ ತಿಂಗಳುಗಟ್ಟಲೆ ಮುಳುಗಿದರೆ ನೀರಿಗಾಗಿಯೇ ಹುಟ್ಟಿದ ಈ ಮರಕ್ಕೂ ತೊಗರಿಯ ಗತಿಯೇ.

ಇದಕ್ಕೆ ದೂರದ ಸಾಕ್ಷಿಯೊಂದಿದೆ: ಅಮೆರಿಕದ ಲೂಸಿಯಾನಾದಲ್ಲಿ ಬೋಳು ಸೈಪ್ರೆಸ್ ಮರಗಳ ದೊಡ್ಡ ಜೌಗುಕಾಡುಗಳಿವೆ. ಅವಕ್ಕೂ ನೀರಿನಿಂದ ಮೊಳೆತಂತೆ ಮೇಲೇಳುವ ಮಂಡಿಗಳಿವೆ, ಅವು ಉಸಿರಾಟಕ್ಕೋ ಆಸರೆಗೋ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ. ಮಿಸಿಸಿಪ್ಪಿ ನದಿ ಪ್ರತಿ ವಸಂತದಲ್ಲೂ ಉಕ್ಕಿ ಈ ಕಾಡುಗಳಿಗೆ ಸಿಹಿನೀರು, ಮೆಕ್ಕಲು ತರುತ್ತಿತ್ತು. ಊರುಗಳನ್ನು ಕಾಯಲು ನದಿಯುದ್ದಕ್ಕೂ ಏರಿ ಕಟ್ಟಿದರು, ನೆರೆ ನಿಂತಿತು. ಮೆಕ್ಕಲು ಸಿಗದೆ ಜೌಗುನೆಲ ಕುಸಿಯಿತು, ಕುಸಿದಲ್ಲಿ ನೀರು ಇಳಿಯದೆ ನಿಂತಿತು, ಬೇಸಿಗೆಯಲ್ಲಿ ಕಡಲ ಉಪ್ಪುನೀರು ಒಳಬಂತು. ದೊಡ್ಡ ಸೈಪ್ರೆಸ್ ನೀರಲ್ಲಿ ಶತಮಾನಗಳ ಕಾಲ ನಿಲ್ಲಬಲ್ಲದು. ಉತ್ತರ ಕೆರೊಲಿನಾದ ಬ್ಲ್ಯಾಕ್ ನದಿಯಲ್ಲಿ 2,600 ವರ್ಷ ದಾಟಿದ ಮರವನ್ನು ಗುರುತಿಸಿದ್ದಾರೆ. ಆದರೆ ಅದರ ಬೀಜ ನೀರಿನಡಿಯಲ್ಲಿ ಮೊಳೆಯುವುದಿಲ್ಲ. ನೀರು ಇಳಿದು ಹಸಿನೆಲ ತೆರೆದುಕೊಂಡಾಗ ಮಾತ್ರ ಮೊಳೆತು, ಮುಂದಿನ ನೆರೆಯೊಳಗೆ ತಲೆ ನೀರಿನ ಮೇಲಿರುವಷ್ಟು ಬೆಳೆಯಬೇಕು. ಹೀಗಾಗಿ ಸದಾ ಮುಳುಗಿದ ಕಾಡು ಹೊರಗಿನಿಂದ ಹಸಿರಾಗಿ, ಗಟ್ಟಿಯಾಗಿ ಕಂಡರೂ ಮಕ್ಕಳಿಲ್ಲದ ಮನೆಯೇ. ಈಗ ನ್ಯೂ ಆರ್ಲಿಯನ್ಸಿನ ಪಶ್ಚಿಮಕ್ಕಿರುವ ಮಾರೆಪಾ ಜೌಗಿಗೆ ಮಿಸಿಸಿಪ್ಪಿಯ ನೀರನ್ನು ಮತ್ತೆ ಹರಿಸಲು ಕಾಲುವೆ ಯೋಜನೆ ಹಾಕಿಕೊಂಡಿದ್ದಾರೆ. ಹಿಂದೆ ಬಿಟ್ಟಿಯಾಗಿ ಬರುತ್ತಿದ್ದ ನೆರೆಯನ್ನು ಈಗ ಕೋಟಿಗಟ್ಟಲೆ ಡಾಲರ್ ಸುರಿದು ತರುತ್ತಿದ್ದಾರೆ.

ಹಾಗಾಗಿ ಕತ್ತಲೆಕಾನಿನಲ್ಲಿ ನಾನು ಹೆಚ್ಚು ಹೊತ್ತು ನೋಡಿದ್ದು ದೊಡ್ಡ ಮರಗಳನ್ನಲ್ಲ, ಸಸಿಗಳನ್ನು. ಜಾಯಿಕಾಯಿ ಕುಲದ ಬೀಜಗಳು ದಪ್ಪ, ಭಾರ, ಒಣಗಿದರೆ ಸಾಯುವಂಥವು. ಚೀಲದಲ್ಲಿ ತುಂಬಿಟ್ಟು ಮುಂದಿನ ವರ್ಷ ಬಿತ್ತುತ್ತೇನೆ ಎಂದರೆ ಆಗದು. ಕೆಂಪು ಪತ್ರೆ ಹೊದ್ದ ಬೀಜವನ್ನು ಮಂಗಟ್ಟೆ ಹಕ್ಕಿ ನುಂಗಿ ದೂರ ಹಾಕುತ್ತದೆ. ಉಳಿದದ್ದು ತಾಯಿಮರದಡಿಯೇ ಬೀಳುತ್ತದೆ, ನೀರು ಒಯ್ದಲ್ಲಿಗೆ ಹೋಗುತ್ತದೆ. ಮಂಡಿಬೇರಿನ ಮೊಣಕೈಯಲ್ಲಿ ತಡೆದುನಿಂತ ತರಗೆಲೆಯ ಸಣ್ಣ ದಿಬ್ಬದ ಮೇಲೆ ಒಂದು ಸಸಿ ಕಂಡಿತು. ಗೇಣುದ್ದದ ಕಾಂಡ, ಇನ್ನೂ ತಾಮ್ರದ ಬಣ್ಣ ಕಳೆಯದ ನಾಲ್ಕು ಎಲೆ, ಅಡಿಯಲ್ಲಿ ಒಡೆದ ಬೀಜದ ಚಿಪ್ಪು ಇನ್ನೂ ಅಂಟಿಕೊಂಡಿತ್ತು. ಬೆರಳೆರಡು ಎತ್ತರದ ಆ ದಿಬ್ಬವೇ ಅದನ್ನು ಈ ಮಳೆಗಾಲ ಉಳಿಸಿದ್ದು. ಸುತ್ತಲ ತಗ್ಗಿನಲ್ಲಿ ಮೊಳೆತವು ಕೆಲವು ಕೊಳೆತು ಮಲಗಿದ್ದವು.

ಇಲ್ಲಿ ಇನ್ನೊಂದು ಮರವಿದೆ, ಹೆಸರಿನಲ್ಲೇ ಊರನ್ನು ಹೊತ್ತದ್ದು: ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್. ಗೇರು ಕುಟುಂಬದ, ಅಗಲ ಎಲೆಯ ದೊಡ್ಡ ಮರ. ದಾಸಪ್ಪ ಮತ್ತು ಸ್ವಾಮಿನಾಥ್ ಎಂಬ ಸಸ್ಯಶಾಸ್ತ್ರಜ್ಞರು ಇದನ್ನು ಹೊಸ ಪ್ರಭೇದ ಎಂದು ಜಗತ್ತಿಗೆ ತಿಳಿಸಿದ್ದು 2000ದಲ್ಲಿ. ಹೆದ್ದಾರಿಯ ಕೂಗಳತೆಯಲ್ಲಿ ನಿಂತ ಇಷ್ಟು ದೊಡ್ಡ ಮರಕ್ಕೆ ಇಪ್ಪತ್ತನೇ ಶತಮಾನ ಮುಗಿಯುವವರೆಗೂ ಹೆಸರಿರಲಿಲ್ಲ ಎಂದರೆ ನಾವು ಈ ಜಡ್ಡಿಗಳನ್ನು ಎಷ್ಟು ಕಡೆಗಣಿಸಿದ್ದೆವು ಎಂಬುದು ತಿಳಿಯುತ್ತದೆ. ಗಂಡುಮರ ಬೇರೆ, ಹೆಣ್ಣುಮರ ಬೇರೆ. ಬದುಕಿರುವ ಜಾಗಗಳೇ ಬೆರಳೆಣಿಕೆ. ಒಂದು ಜಡ್ಡಿ ಒಣಗಿ ನಾಲ್ಕು ಮರ ಹೋದವೆಂದರೆ ಉಳಿದವು ಜೋಡಿಯಿಲ್ಲದೆ ನಿಂತಾವು. ಶಿರಸಿಯ ಅರಣ್ಯ ಕಾಲೇಜಿನಲ್ಲಿ ಆರ್. ವಾಸುದೇವ ಮತ್ತು ಸಂಗಡಿಗರು ಈ ಮರದ ಬೀಜ ಕೂಡಿಸಿ ಸಸಿ ಮಾಡಿ ಜಡ್ಡಿಗಳಿಗೆ ಮರಳಿಸುವ ಕೆಲಸದಲ್ಲಿ ವರ್ಷಗಳಿಂದ ತೊಡಗಿದ್ದಾರೆ. ಇಂಥ ಕೆಲಸ ಫೋಟೊಗೆ ಬರುವ ವನಮಹೋತ್ಸವದ ಹಾಗಲ್ಲ. ಗುಂಡಿ ತೋಡಿ ಗಿಡ ನೆಟ್ಟು ಬಂದರೆ ಮೊದಲ ನೆರೆಗೇ ತೇಲಿಹೋಗುತ್ತದೆ. ನೀರಿನ ಮಟ್ಟ ನೋಡಿ, ಜಾತಿಗೆ ತಕ್ಕ ಆಳ ಹುಡುಕಿ, ಎತ್ತರ ಬೆಳೆದ ಸಸಿಯನ್ನೇ ಒಯ್ದು ನೆಡಬೇಕು.

ನೀರಿನ ಏರಿಳಿತವನ್ನು ನೆಚ್ಚಿಕೊಂಡ ಇನ್ನೊಂದು ಜೀವವೂ ಇದೇ ಕಾಡಿನಿಂದ ಬೆಳಕಿಗೆ ಬಂತು. ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ವಿವರಿಸಿದ ಕುಂಬಾರ ಕಪ್ಪೆ. ಹೆಣ್ಣು ನೀರಿನಿಂದ ಸ್ವಲ್ಪವೇ ಮೇಲೆ, ಕಡ್ಡಿಗೋ ಕಲ್ಲಿಗೋ ಮೊಟ್ಟೆ ಅಂಟಿಸುತ್ತದೆ. ಆಮೇಲೆ ಗಂಡು ಹಳ್ಳದ ತಳದಿಂದ ಮುಂಗೈಯಲ್ಲಿ ಕೆಸರು ತಂದು, ಹಿಂಗಾಲಲ್ಲಿ ನಿಂತು, ಮೊಟ್ಟೆಗಳ ಮೇಲೆ ಮೆತ್ತಿ ಮೆತ್ತಿ ಸಾರಿಸುತ್ತದೆ. ಮೊಟ್ಟೆ ಒಣಗದೆ, ಹಗೆಯ ಕಣ್ಣಿಗೆ ಬೀಳದೆ ಉಳಿಯುತ್ತದೆ. ಗೊದಮೊಟ್ಟೆ ಹೊರಬಂದಾಗ ಕೆಳಗೆ ನೀರಿರಬೇಕು. ಹಳ್ಳ ಅತಿಯಾಗಿ ಏರಿ ನಿಂತರೆ ಕೆಸರಿನ ಲೇಪ ಕರಗುತ್ತದೆ, ಹಳ್ಳ ಬತ್ತಿದರೆ ಮರಿಗಳು ಒಣಕಲ್ಲಿನ ಮೇಲೆ ಬೀಳುತ್ತವೆ. ಇರುಳಿನಲ್ಲಿ, ಜಡಿಮಳೆಯ ತಿಂಗಳುಗಳಲ್ಲಿ ಬಂದರೆ ಮಾತ್ರ ಕಾಣಸಿಗುವ ದೃಶ್ಯವದು. ನಾವು ಹೋದಾಗ ಅದರ ಕಾಲ ಮುಗಿದಿತ್ತು.

ಜಡ್ಡಿಗೆ ಈ ನೀರು ಬರುವುದೆಲ್ಲಿಂದ? ಹಳ್ಳ ಹಿಡಿದು ಮೇಲೇರಿದೆವು. ಏರಿನಲ್ಲಿ ಜಂಬಿಟ್ಟಿಗೆಯ ಬಂಡೆ, ಅದರ ಬುಡದ ರಂಧ್ರಗಳಿಂದ ನೀರು ಬೆರಳು ದಪ್ಪ, ಕಡ್ಡಿ ದಪ್ಪ ಇಳಿಯುತ್ತಿತ್ತು. ಈ ಕಲ್ಲು ನನಗೆ ಹೊಸದಲ್ಲ. ಬೀದರಿನ ಕೋಟೆ ನಿಂತಿರುವುದು ಇಂಥದೇ ಕೆಂಪು ಜಂಬಿಟ್ಟಿಗೆಯ ಮೇಲೆ. ಬಹಮನಿಗಳ ಕಾಲದ ಕರೇಜು, ನಮ್ಮವರು ಸುರಂಗ ಬಾವಿ ಎನ್ನುವುದು, ನೀರು ಹಿಡಿದದ್ದೂ ಜಂಬಿಟ್ಟಿಗೆ ಮುಗಿದು ಕಪ್ಪುಕಲ್ಲು ಶುರುವಾಗುವ ಪದರದಲ್ಲಿ. ರಂಧ್ರಗಳ ಕಲ್ಲು ಮಳೆ ಕುಡಿದಿಟ್ಟುಕೊಂಡು ನಿಧಾನಕ್ಕೆ ಬಿಡುತ್ತದೆ. ಬೀದರಿನಲ್ಲಿ ಆ ನೀರನ್ನು ತಲುಪಲು ಮನುಷ್ಯರು ಸುರಂಗ ಕೊರೆಯಬೇಕಾಯಿತು, ಇಲ್ಲಿ ಮೇಲೆ ಕಾಡಿರುವುದರಿಂದ ಅದು ತಾನಾಗಿ ಹೊರಬಂದು ಜಡ್ಡಿಯಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಅವರ ತಂಡ ಶರಾವತಿ, ಅಘನಾಶಿನಿ ಕೊಳ್ಳಗಳಲ್ಲಿ ಕಂಡದ್ದೂ ಇದನ್ನೇ: ಹಳ್ಳದ ನೆತ್ತಿಯಲ್ಲಿ ಸ್ಥಳೀಯ ಜಾತಿಯ ಗಿಡಮರಗಳು ಶೇ 60ಕ್ಕಿಂತ ಹೆಚ್ಚಿದ್ದರೆ ಆ ಹಳ್ಳ ವರ್ಷವಿಡೀ ಹರಿಯುತ್ತದೆ, ಕಾಡು ಸವೆದು ಅಕೇಶಿಯಾ ನೆಡುತೋಪಾದಲ್ಲಿ ಮಳೆಗಾಲದೊಂದಿಗೆ ಹಳ್ಳವೂ ಮುಗಿಯುತ್ತದೆ. ಆದ್ದರಿಂದ ತಗ್ಗಿನ ಜಡ್ಡಿಗೆ ಮಾತ್ರ ಬೇಲಿ ಹಾಕಿದರೆ ಉಪಯೋಗವಿಲ್ಲ. ಮೇಲಿನ ಗುಡ್ಡ ಬೋಳಾದರೆ ಮಳೆಗಾಲದ ನೆರೆ ಇನ್ನೂ ಜೋರಾಗಿ, ಕೆಂಪು ಮಣ್ಣು ಹೊತ್ತುಕೊಂಡು ಬಂದು ಮಂಡಿಬೇರುಗಳನ್ನು ಹೂಳುತ್ತದೆ. ಬೇಸಿಗೆಯಲ್ಲಿ ಅದೇ ಜಾಗ ಬಿರುಕು ಬಿಡುತ್ತದೆ.

ಸುತ್ತು ಹಾಕಿ ಇಳಿದು ಬಂದದ್ದು ಅಡಿಕೆ ತೋಟವೊಂದಕ್ಕೆ. ತೋಟದವರು ಜಗಲಿಯಲ್ಲಿ ಕೂರಿಸಿ, “ಆಸ್ರಿಗೆ ಏನು ಕೊಡ್ಲಿ?” ಎಂದು ಕೇಳಿ ಮುರುಗಲ ಪಾನಕ ತಂದರು. ಉತ್ತರ ಕನ್ನಡದ ಕಣಿವೆ ತಳಗಳಲ್ಲಿ ತೋಟವೂ ಗದ್ದೆಯೂ ಎದ್ದದ್ದು ಬಹಳ ಕಡೆ ಹಳೆಯ ಜಡ್ಡಿಗಳ ಜಾಗದಲ್ಲೇ. ಅಡಿಕೆಗೂ ರಾಮಪತ್ರೆಗೂ ಬೇಕಾದದ್ದು ಅದೇ ತಂಪು, ಅದೇ ನೀರು. ಆದರೆ ಅಡಿಕೆಯ ಬೇರು ನಿಂತ ನೀರನ್ನು ತಾಳದು. ಅದಕ್ಕೇ ಮರಗಳ ಸಾಲಿನ ನಡುವೆ ಬಸಿಗಾಲುವೆ. ಕಾಲುವೆ ಆಳವಾದಷ್ಟೂ ಪಕ್ಕದ ಜಡ್ಡಿಯ ನೀರೂ ಅತ್ತ ಬಸಿಯುತ್ತದೆ. ಬೇಸಿಗೆಯಲ್ಲಿ ಹಳ್ಳದ ನೆತ್ತಿಗೇ ಪೈಪು ಹಾಕಿ ಅಬ್ಬಿ ನೀರು ತರುತ್ತಾರೆ. ಪಂಪು ಬೇಡ, ಕರೆಂಟು ಬೇಡ, ಹಗಲಿರುಳು ಬೀಳುತ್ತಿರುತ್ತದೆ, ತುಂಬಿ ಚೆಲ್ಲಿದರೂ ಬೀಳುತ್ತಿರುತ್ತದೆ. “ಮೊದಲು ನಮ್ಮ ಅಜ್ಜನ ಕಾಲದಲ್ಲಿ ದೋಣಿ ಮರದ ಅಬ್ಬಿ. ಈಗ ಪ್ರತಿ ಮನೆಗೂ ಎರಡಿಂಚಿನ ಪೈಪು. ಮನೆ ಹೆಚ್ಚಾದ್ವು, ಹಳ್ಳ ಒಂದೇ” ಎಂದರು ಅವರು. ಅವರನ್ನು ಕಾಡಿನ ವೈರಿ ಎಂದು ಬರೆಯಲು ನನಗೆ ಮನಸ್ಸಿಲ್ಲ. ಕೊಳೆರೋಗ, ಎಲೆಚುಕ್ಕಿ ಎಂದು ತೋಟವೇ ನಲುಗಿರುವಾಗ ಚೈತ್ರದಲ್ಲಿ ನೀರು ಬಿಡಿ ಎಂದು ಯಾರು ಯಾರಿಗೆ ಹೇಳುವುದು?

ಆದರೂ ಬೇಲಿಯಾಚೆ ಕರೆದೊಯ್ದು ಅವರೇ ತೋರಿಸಿದ ಜಾಗ ಮರೆಯಲಾಗದು. ಹಿಂದೊಮ್ಮೆ ಹಳ್ಳವನ್ನು ತಿರುಗಿಸಿದ ಮೇಲೆ ಒಣಗಿದ ಜಡ್ಡಿ. ಕೆಸರಿದ್ದಲ್ಲಿ ಗಟ್ಟಿ ನೆಲ. ಮಂಡಿಬೇರುಗಳು ಇನ್ನೂ ಬಾಗಿ ನಿಂತಿದ್ದವು, ತಟ್ಟಿದರೆ ಟೊಳ್ಳು ಸದ್ದು, ಕಾಲು ತಾಗಿದರೆ ಪುಡಿ. ಮರಗಳ ತುದಿ ಬೋಳು. ನಡುವಿನ ಕೊಂಬೆಗಳಲ್ಲಿ ಮಾತ್ರ ಒಂದಷ್ಟು ಎಲೆ. ಬುಡದ ಸುತ್ತ ಯುಪಟೋರಿಯಂ ಕಳೆ ಆಳೆತ್ತರ ಬೆಳೆದಿತ್ತು. ಒಂದೂ ರಾಮಪತ್ರೆ ಸಸಿ ಇರಲಿಲ್ಲ. ದೊಡ್ಡ ಮರಗಳು ಹೀಗೆ ಇನ್ನೂ ಹತ್ತು ಹದಿನೈದು ವರ್ಷ ನಿಂತಾವು, ಸರ್ವೆ ಮಾಡಿದವರ ಲೆಕ್ಕದಲ್ಲಿ ಕಾಡೆಂದೇ ಬರೆಸಿಕೊಂಡಾವು.

ಇದು ನೀರು ಕಡಿಮೆಯಾದ ಕಥೆ. ಹೆಚ್ಚಾದ ಕಥೆಗೆ ಬಹಳ ದೂರ ಹೋಗಬೇಕಿಲ್ಲ. ಜೋಗದಿಂದ ಸ್ವಲ್ಪ ಮೇಲಕ್ಕೆ ಲಿಂಗನಮಕ್ಕಿ. 1964ರಲ್ಲಿ ಅಣೆಕಟ್ಟು ಮುಗಿದಾಗ ಶರಾವತಿಯ ಮೇಲಿನ ಕಣಿವೆಗಳೆಲ್ಲ ತುಂಬಿದವು. ಊರುಗಳು ಮುಳುಗಿದ ನೋವನ್ನು ಮಲೆನಾಡು ಇಂದಿಗೂ ಹೇಳಿಕೊಳ್ಳುತ್ತದೆ, ಮುಳುಗಡೆಯವರ ಹಕ್ಕುಪತ್ರದ ಹೋರಾಟ ಈಗಲೂ ನಡೆದಿದೆ. ಮುಳುಗಿದ ಹಳ್ಳಕೊಳ್ಳಗಳ ಕಾಡಿನ ಲೆಕ್ಕ ಕೇಳಿದವರು ಕಡಿಮೆ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಬೂದುಬಣ್ಣದ ಮರದ ಬೊಡ್ಡೆಗಳು ಸಾಲುಸಾಲಾಗಿ ಎದ್ದು ಕಾಣುತ್ತವೆ. ಸಿಹಿನೀರೇ ಅವನ್ನು ಕೊಂದದ್ದು. ಅದೇ ಶರಾವತಿಯ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ಈಗ 2,000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಯೋಜನೆ ಬಂದಿದೆ. ಕರೆಂಟು ಅಗ್ಗವಾಗಿರುವ ಹೊತ್ತಿನಲ್ಲಿ ನೀರನ್ನು ಮೇಲೆತ್ತಿ, ಬೇಡಿಕೆ ಏರಿದಾಗ ಇಳಿಸುವ ಯೋಜನೆ. ಅದರ ಕಾಮಗಾರಿಯ ಜಾಗವಿರುವುದು ಸಿಂಗಳೀಕ ಅಭಯಾರಣ್ಯದೊಳಗೆ. ಶಿರಸಿ–ಹೊನ್ನಾವರದ ಈ ಕಾಡುಗಳು ಸಿಂಗಳೀಕಗಳ ಉತ್ತರದ ಕೊನೆಯ ನೆಲೆ, ಜಡ್ಡಿಯ ಹಣ್ಣುಗಳು ಅವುಗಳ ಊಟ. 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ ಘೋಷಣೆಯಾದಾಗ ಈ ಕಾಡು ಗೆದ್ದಿತೆಂದು ಎಲ್ಲರೂ ಭಾವಿಸಿದ್ದರು. ವಿದ್ಯುತ್ತು ಬೇಡವೆಂದು ಹೇಳಲು ಕತ್ತಲಲ್ಲಿ ಕೂತು ಬೆಳೆದ ನಮ್ಮ ಕಡೆಯವರಿಗೆ ಬಾಯಿ ಬಾರದು. ಆದರೆ ಈ ಕಣಿವೆ ರಾಜ್ಯಕ್ಕೆ ಕೊಡಬೇಕಾದ್ದನ್ನು ಒಂದು ಸಲ ಕೊಟ್ಟಾಗಿದೆ, ಮತ್ತೆ ಇಲ್ಲಿಗೇ ಬರಬಾರದಿತ್ತು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಪಕ್ಕದ ಮಹಾರಾಷ್ಟ್ರ ಒಂದು ಒಳ್ಳೆಯ ಕೆಲಸ ಮಾಡಿದೆ. ಸಿಂಧುದುರ್ಗ ಜಿಲ್ಲೆಯ ದೋಡಾಮಾರ್ಗ ತಾಲ್ಲೂಕಿನ ಬಾಂಬರ್ಡೆಯಲ್ಲಿ ಸುಮಾರು ಎರಡೂವರೆ ಹೆಕ್ಟೇರಿನ ಪುಟ್ಟ ರಾಮಪತ್ರೆ ಜೌಗನ್ನು 2021ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿತು. ಊರವರು ದೇವರ ಕಾಡೆಂದು ಕೊಡಲಿ ಹಾಕದೆ ಉಳಿಸಿಕೊಂಡ ಜಾಗವದು. ಗೋವಾದ ಸತ್ತರಿಯಲ್ಲಿರುವ ಜೌಗು ಕೂಡ ನಿರಂಕಾರ ದೇವರ ಹೆಸರಿನಲ್ಲೇ ಉಳಿದಿದೆ. ನಮ್ಮ ಉತ್ತರ ಕನ್ನಡದ ಕಾನುಗಳಲ್ಲೂ ಚೌಡಿ, ಬೀರಪ್ಪ, ಜಟಕ ಕೂತ ತಾಣಗಳಿವೆ. ಇಷ್ಟು ಪುಟ್ಟ ಜಡ್ಡಿಯೂ ಕಾಯಲು ಯೋಗ್ಯ ಎಂಬುದಕ್ಕೆ ಬಾಂಬರ್ಡೆ ಸಾಕ್ಷಿ. ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ಸಮಿತಿ ಕೂತು ತಮ್ಮ ಊರಿನ ಜಡ್ಡಿಗಳ ಪಟ್ಟಿ ಮಾಡಿದರೂ ಅರ್ಧ ಕೆಲಸ ಆದಂತೆ.

ಹಿಂದಿರುಗುವ ದಾರಿಯಲ್ಲಿ ತೋಟದವರೂ ನಮ್ಮ ಜೊತೆ ಹಳ್ಳದ ನೆತ್ತಿಯವರೆಗೆ ಬಂದರು. ಅಲ್ಲಿ ಅವರ ಪೈಪಿನ ಬಾಯಿ ಗುಂಡಿಯ ತಳದಲ್ಲಿತ್ತು. ನೀರು ಎಷ್ಟೇ ಕಡಿಮೆಯಾದರೂ ಪೈಪಿಗೇ ಮೊದಲ ಪಾಲು. ವಾಚರ್ ಕತ್ತಿಯ ಹಿಡಿಯಿಂದ ಕಲ್ಲಿನ ಮೇಲೊಂದು ಗೆರೆ ತೋರಿಸಿ, ಬಾಯನ್ನು ಅಲ್ಲಿಗೆ ಏರಿಸಿದರೆ ಹಳ್ಳಕ್ಕೆ ಹರಿದು ಮಿಕ್ಕಿದ್ದು ಮಾತ್ರ ತೋಟಕ್ಕೆ ಬರುತ್ತದೆ ಎಂದರು. ಅದರಿಂದ ಬೇಸಿಗೆಯ ಕಡೆಯ ತಿಂಗಳು ತನಗೆ ಕಷ್ಟವಾಗುತ್ತದೆ ಎಂದರು ತೋಟದವರು. ತುಂಬಿ ಚೆಲ್ಲುವ ನೀರನ್ನು ತೊಟ್ಟಿ ಕಟ್ಟಿ ಹಿಡಿದು, ಬುಡಕ್ಕೆ ಹನಿ ನೀರಾವರಿ ಹಾಕಿದರೆ ಸರಿದೂಗಬಹುದೇ ಎಂದು ಇಬ್ಬರೂ ಅಲ್ಲೇ ಕೂತು ಲೆಕ್ಕ ಹಾಕತೊಡಗಿದರು. ತೊಟ್ಟಿಗೆ ಎಷ್ಟು ಚೀಲ ಸಿಮೆಂಟು, ಸಹಾಯಧನಕ್ಕೆ ಯಾವ ಕಚೇರಿ, ಪೈಪು ಎತ್ತಲು ಒಳ್ಳೆಯ ಕಾಲ ಯಾವುದು. ದೀಪಾವಳಿ ಕಳೆದು ಹಳ್ಳದ ರಭಸ ಇಳಿದ ಮೇಲೆ ಎಂದು ಮಾತಾಯಿತು. ಹೆದ್ದಾರಿಯ ಮೋರಿಯಲ್ಲಿ ಕಟ್ಟಿಕೊಂಡಿರುವ ಕಲ್ಲುಮಣ್ಣು ತೆಗೆಸದಿದ್ದರೆ ಬರುವ ಮೃಗಶಿರಾ ಮಳೆಗೆ ಜಡ್ಡಿಯ ಮೇಲಿನ ಅರ್ಧ ಕೆರೆಯಾಗಿ ನಿಲ್ಲುತ್ತದೆ. ಅದನ್ನು ಮೇ ತಿಂಗಳೊಳಗೆ ತೆಗೆಸಲು ಅರ್ಜಿ ಬರೆಯುವುದು ಯಾರು ಎಂಬುದಷ್ಟೇ ಆ ಸಂಜೆ ತೀರ್ಮಾನವಾಗದೆ ಉಳಿಯಿತು.